ಬಾನೆಟ್ಟಿನ ಹೆಸರು, ಬೇರಿಂಗಿನ ನಂಬರು

ಹೋದ ವಾರ ಶಾಲೆ ಬಿಡುವ ಹೊತ್ತಿಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಅಪ್ಪನನ್ನು ಕರೆದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಅಪ್ಪಂದಿರು ನಮ್ಮಲ್ಲಿಗೆ ಬರುವುದು ಸಾಮಾನ್ಯವಾಗಿ ಅಂಕಪಟ್ಟಿಗೆ ಸಹಿ ಹಾಕಲು, ಇಲ್ಲವೇ ವಿಜ್ಞಾನದಲ್ಲಿ ಅಂಕ ಕಡಿಮೆ ಬಂದದ್ದೇಕೆ ಎಂದು ವಿಚಾರಿಸಲು. ಇವರು ಕೇಳಿದ್ದೇ ಬೇರೆ.

“ಮೇಷ್ಟ್ರೇ, ಒಂದು ಟ್ರ್ಯಾಕ್ಟರ್ ತಗೊಳ್ಳಣ ಅಂತ ಮಾಡಿದೀನಿ. ಡೀಲರು ಐವತ್ತು ಸಾವಿರ ಬಿಡ್ತೀನಿ ಅಂತಾರೆ. ಆದ್ರೆ ಆ ಕಂಪನಿ ಇನ್ನೊಂದರ ಜತೆ ಸೇರಿಹೋಯ್ತಂತೆ. ನಾಳೆ ಸಾಮಾನೇ ಸಿಗದಿದ್ರೆ ಏನ್ ಮಾಡದು? ಸಾಲಕ್ಕೆ ತೋಟನೇ ಆಧಾರ ಕೊಡ್ಬೇಕು.”

ಯಾವ ಕಂಪನಿ ಎಂಬುದು ಇಲ್ಲಿ ಬೇಡ. ಮಗಳು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. “ನಮ್ ಸಾರ್‌ಗೆ ಗೊತ್ತಿರ್ತದೆ” ಎಂದು ಅವಳೇ ಅಪ್ಪನನ್ನು ಹೊರಡಿಸಿಕೊಂಡು ಬಂದಿದ್ದಳೆಂದು ಆಮೇಲೆ ತಿಳಿಯಿತು. ನಾನು ಓದಿದ್ದು ಬಿ.ಎಸ್ಸಿ., ಬಿ.ಎಡ್. ಟ್ರ್ಯಾಕ್ಟರಿನ ವಿದ್ಯೆ ಅದರಲ್ಲಿ ಇರಲಿಲ್ಲ. ಆದರೆ ಈ ವಿಷಯದಲ್ಲಿ ನನಗೂ ಒಂದು ಅನುಭವವಾಗಿದೆ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಅಣ್ಣ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರೊಂದನ್ನು ಕೊಂಡಿದ್ದ. ಅದನ್ನು ತಯಾರಿಸಿದ ಕಂಪನಿ ಅಷ್ಟರಲ್ಲಾಗಲೇ ಕೈ ಬದಲಾಯಿಸಿತ್ತು. ಜುಲೈ ತಿಂಗಳು, ಗದ್ದೆಯಲ್ಲಿ ಹೂಟಿ ನಡೆದಿದೆ, ಗೇರ್ ಬಾಕ್ಸಿನಿಂದ ಗರಗರ ಸದ್ದು. ಬಿಚ್ಚಿದರೆ ಬೇರಿಂಗ್ ಪುಡಿಯಾಗಿದೆ. ಆಗ ತುಮರಿಯಿಂದ ಸಾಗರಕ್ಕೆ ಹೋಗುವುದೆಂದರೆ ಕಳಸವಳ್ಳಿಯ ದಡದಲ್ಲಿ ಲಾಂಚಿಗೆ ಕಾದು, ಹೊಳೆ ದಾಟಿ, ಅಂಬಾರಗೋಡ್ಲಿನಲ್ಲಿ ಬಸ್ಸು ಹಿಡಿಯಬೇಕು. ಲಿಂಗನಮಕ್ಕಿಯ ನೀರು ನಮ್ಮನ್ನು ಮೂರು ಕಡೆಯಿಂದ ಸುತ್ತಿಕೊಂಡಂದಿನಿಂದಲೂ ಇದೇ ಪಾಡು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾದ ಮೇಲೆ ಹುಟ್ಟಿದ ಮಕ್ಕಳಿಗೆ ಇದೆಲ್ಲ ಅಜ್ಜಿಕತೆಯಂತೆ ಕೇಳಿಸಬಹುದು.

ಅಂಗಡಿಗೆ ಹೋದರೆ ಬೋರ್ಡೇ ಬದಲಾಗಿತ್ತು. ಕೌಂಟರಿನಲ್ಲಿದ್ದ ಹುಡುಗ, “ಆ ಕಂಪನಿ ಈಗಿಲ್ಲ, ಆ ಸಾಮಾನು ಬರಲ್ಲ” ಎಂದು ಒಂದೇ ಮಾತಿನಲ್ಲಿ ಮುಗಿಸಿದ. ನಾವು ಪೆಚ್ಚುಮೋರೆ ಹಾಕಿಕೊಂಡು ಹೊರಬಂದಾಗ ಪಕ್ಕದ ಗ್ಯಾರೇಜಿನ ಮುದುಕ ಮೆಕ್ಯಾನಿಕ್ ಒಡೆದ ಬೇರಿಂಗನ್ನು ಇಸಿದುಕೊಂಡು, ಸೀಮೆಎಣ್ಣೆಯಲ್ಲಿ ಅದ್ದಿ, ಬಟ್ಟೆಯಿಂದ ತಿಕ್ಕಿ, ಕಣ್ಣಿನ ಹತ್ತಿರ ಹಿಡಿದು ಓದಿದರು: “6206”. ಬೇರಿಂಗ್ ಅಂಗಡಿಗೆ ಹೋಗಿ ಆ ನಂಬರು ಹೇಳಿದರೆ ಸಾಕು ಎಂದರು. ಸಂಜೆಯ ಕೊನೆಯ ಲಾಂಚಿಗೆ ನಾವು ವಾಪಸು ಬಂದೆವು. ಮಾರನೆಯ ದಿನ ಹೂಟಿ ಶುರುವಾಯಿತು.

ಮಕ್ಕಳೇ, ಆ ನಂಬರನ್ನು ಸ್ವಲ್ಪ ಬಿಡಿಸಿ ನೋಡೋಣ. ಮೊದಲ 6 ಎಂದರೆ ಗುಂಡುಗಳು ಆಳವಾದ ಕಾಲುವೆಯಲ್ಲಿ ಉರುಳುವ ಜಾತಿಯ ಬೇರಿಂಗ್. ನಂತರದ 2 ಅದರ ಗಾತ್ರದ ಸರಣಿ. ಕೊನೆಯ 06ನ್ನು ಐದರಿಂದ ಗುಣಿಸಿ: 30. ಒಳಗಿನ ತೂತಿನ ವ್ಯಾಸ 30 ಮಿಲಿಮೀಟರ್. ಹೊರವ್ಯಾಸ 62, ದಪ್ಪ 16 ಮಿ.ಮೀ. ಸ್ವೀಡನ್ನಿನಲ್ಲಿ ಮಾಡಿರಲಿ, ಜಪಾನಿನಲ್ಲಿ ಮಾಡಿರಲಿ, ನಮ್ಮ ದೇಶದಲ್ಲೇ ಮಾಡಿರಲಿ, 6206 ಎಂದರೆ ಇಷ್ಟೇ ಅಳತೆ. ಟ್ರ್ಯಾಕ್ಟರ್ ಕಂಪನಿ ಮಾರಾಟವಾದರೂ ಮುಳುಗಿದರೂ ಆ ಅಳತೆ ಅಲುಗುವುದಿಲ್ಲ. ಆಯಿಲ್ ಸೀಲಿನ ಮೇಲೂ ಹೀಗೆಯೇ ಮೂರು ಸಂಖ್ಯೆಗಳಿರುತ್ತವೆ. 35-52-7 ಎಂದಿದ್ದರೆ ಒಳವ್ಯಾಸ, ಹೊರವ್ಯಾಸ, ದಪ್ಪ. ಹಿಂದಿನ ಟೈರಿನ ಮೇಲೆ 13.6-28 ಎಂದಿದ್ದರೆ ಅಗಲ 13.6 ಅಂಗುಲ, ರಿಮ್ಮಿನ ವ್ಯಾಸ 28 ಅಂಗುಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಮರುವರ್ಷ ಅದೇ ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪು ಕೈಕೊಟ್ಟಿತು. ಅದರ ಮೇಲೆ ಇದ್ದದ್ದು ಕಂಪನಿಯ ಸ್ವಂತ ನಂಬರು, ಅದನ್ನು ಓದಿ ಸಾಮಾನು ಕೊಡುವವರು ಯಾರೂ ಇರಲಿಲ್ಲ. ನಲವತ್ತು ದಿನ ಯಂತ್ರ ಕೊಟ್ಟಿಗೆಯಲ್ಲಿ ನಿಂತಿತು. ಅಗೆ ಬಲಿತುಹೋಯಿತು. ಅಣ್ಣ ಗಂಟೆ ಲೆಕ್ಕದಲ್ಲಿ ಬಾಡಿಗೆ ಟಿಲ್ಲರು ತರಿಸಿ, ತಡವಾಗಿ ನೆಟ್ಟಿ ಮಾಡಿಸಿದ. ಆ ವರ್ಷದ ಭತ್ತ ಬಾಡಿಗೆಗೂ ಸಾಲಲಿಲ್ಲ. ಅಣ್ಣ ಈಗಲೂ ಆ ಮಾತೆತ್ತಿದರೆ ಎದ್ದು ಹೋಗುತ್ತಾನೆ.

ಎಲ್ಲರಿಗೂ ಸೇರಿದ ಅಳತೆಯ ಭಾಗಗಳು, ಕಂಪನಿಗಷ್ಟೇ ಸೇರಿದ ಭಾಗಗಳು — ಒಂದು ಟ್ರ್ಯಾಕ್ಟರಿನಲ್ಲಿ ಈ ಎರಡೂ ಇರುತ್ತವೆ. ಕಂಪನಿಗಳು ಒಂದಾದವೆಂಬ ಸುದ್ದಿ ಬಂದಾಗ ಹೆದರಬೇಕಾದದ್ದು ಎರಡನೆಯದಕ್ಕೆ ಮಾತ್ರ.

ಇನ್ನು ‘ಸೇರಿಹೋಯಿತು’ ಎಂಬ ಮಾತನ್ನು ನೋಡೋಣ. ಪತ್ರಿಕೆಯಲ್ಲಿ ಒಂದೇ ಮಾತಾಗಿ ಕಂಡರೂ ಅದರಲ್ಲಿ ಹಲವು ಬಗೆ. ಮನೆ ಅದೇ ಇದ್ದು ಯಜಮಾನ ಮಾತ್ರ ಬದಲಾಗುವುದು ಒಂದು. 2005ರಲ್ಲಿ ಚೆನ್ನೈನ ಟಾಫೆ ಕಂಪನಿ ಐಷರ್ ಟ್ರ್ಯಾಕ್ಟರ್ ವ್ಯವಹಾರವನ್ನು ಕೊಂಡಿತು. 2007ರಲ್ಲಿ ಮಹೀಂದ್ರ ಕಂಪನಿ ಸ್ವರಾಜ್ ಟ್ರ್ಯಾಕ್ಟರಿನ ಪಂಜಾಬ್ ಟ್ರ್ಯಾಕ್ಟರ್ಸನ್ನು ತನ್ನದಾಗಿಸಿಕೊಂಡಿತು, ಮುಂದೆ ಅದು ಮಹೀಂದ್ರದಲ್ಲೇ ವಿಲೀನವಾಯಿತು. ಈ ಎರಡರಲ್ಲೂ ಹಳೆಯ ಹೆಸರುಗಳು ಉಳಿದವು. ಐಷರ್, ಸ್ವರಾಜ್ ಎರಡೂ ಇಂದಿಗೂ ತಮ್ಮದೇ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಎರಡು ಮನೆ ಒಂದೇ ಸೂರಿನಡಿ ಬರುವುದು ಇನ್ನೊಂದು ಬಗೆ. ಎಸ್ಕಾರ್ಟ್ಸ್ ಕಂಪನಿಗೆ ಜಪಾನಿನ ಕುಬೋಟ ಸೇರಿ 2022ರಲ್ಲಿ ಎಸ್ಕಾರ್ಟ್ಸ್ ಕುಬೋಟ ಎಂದು ಹೆಸರಾಯಿತು. 2024ರಲ್ಲಿ ಕುಬೋಟದ ಭಾರತೀಯ ಕಂಪನಿಗಳು ಅದರಲ್ಲಿ ವಿಲೀನಗೊಂಡವು. ಇಂಥ ವಿಲೀನಕ್ಕೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಒಪ್ಪಿಗೆ ಬೇಕು. ಹೀಗೆ ವಿಲೀನವಾದಾಗ ಹಳೆಯ ಕಂಪನಿಯ ಆಸ್ತಿಯ ಜೊತೆಗೆ ಅದರ ಸಾಲ, ಹೊಣೆಗಳೂ ಹೊಸದಕ್ಕೆ ಬರುತ್ತವೆ. ಆದ್ದರಿಂದ ವಾರಂಟಿ ಪುಸ್ತಕವನ್ನು ಒಲೆಗೆ ಹಾಕುವ ಅಗತ್ಯವಿಲ್ಲ.

ಮೂರನೆಯದು ಹೆಸರನ್ನು ಗೇಣಿಗೆ ಪಡೆಯುವುದು. ಗೇಣಿ ಎಂದರೇನೆಂದು ಸಾಗರ ಸೀಮೆಯವರಿಗೆ ನಾನು ಹೇಳಬೇಕಿಲ್ಲ. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ನಮ್ಮ ತಾಲ್ಲೂಕಿನಲ್ಲೇ. 1960ರಲ್ಲಿ ಹುಟ್ಟಿದ ಟಾಫೆ, ಮ್ಯಾಸ್ಸಿ ಫರ್ಗ್ಯೂಸನ್ ಎಂಬ ವಿದೇಶಿ ಹೆಸರಿನಲ್ಲಿ ಟ್ರ್ಯಾಕ್ಟರ್ ತಯಾರಿಸುತ್ತ ಬಂತು. ಆ ಹೆಸರಿನ ಒಡೆತನ 1994ರಲ್ಲಿ ಅಮೆರಿಕದ ಆಗ್ಕೊ ಕಂಪನಿಗೆ ಹೋಯಿತು. 2024ರಲ್ಲಿ ಆಗ್ಕೊ ತನ್ನ ಒಪ್ಪಂದ ಮುಗಿಯಿತೆಂದಿತು, ಟಾಫೆ ನ್ಯಾಯಾಲಯಕ್ಕೆ ಹೋಯಿತು. ಅಷ್ಟು ದಶಕಗಳಿಂದ ಅದೇ ಹೆಸರನ್ನು ನಂಬಿ ಕೆಂಪು ಟ್ರ್ಯಾಕ್ಟರ್ ಕೊಂಡವರೂ, ಅದೇ ಹೆಸರಿನ ಬೋರ್ಡು ಹಾಕಿಕೊಂಡ ಡೀಲರುಗಳೂ ದಿಗಿಲುಗೊಂಡದ್ದು ಸಹಜ. 2025ರ ಜುಲೈಯಲ್ಲಿ ರಾಜಿಯಾಗಿ ಭಾರತ, ನೇಪಾಳ, ಭೂತಾನಗಳಲ್ಲಿ ಆ ಹೆಸರು ಟಾಫೆಯ ಸ್ವಂತದ್ದಾಯಿತು. ಉಳುವವನೇ ಹೊಲದೊಡೆಯ ಎಂದು ನಾನು ತಮಾಷೆಗೆ ಅಂದಾಗ ಹುಡುಗಿಯ ಅಪ್ಪ ಜೋರಾಗಿ ನಕ್ಕರು. ಅವರ ಅಜ್ಜನೂ ಗೇಣಿದಾರರೇ.

ಗೇಣಿಗೆ ಪಡೆದ ಹೆಸರು ಕೈಬಿಟ್ಟುಹೋದ ಉದಾಹರಣೆಯೂ ಇದೆ. ಹಿರಿಯರಿಗೆ ‘ಫೋರ್ಡ್’ ಟ್ರ್ಯಾಕ್ಟರ್ ನೆನಪಿರಬಹುದು. ಅದನ್ನು ಇಲ್ಲಿ ತಯಾರಿಸುತ್ತಿದ್ದದ್ದು ಎಸ್ಕಾರ್ಟ್ಸ್. ಅಮೆರಿಕದ ಫೋರ್ಡ್ 1991ರಲ್ಲಿ ತನ್ನ ಟ್ರ್ಯಾಕ್ಟರ್ ವ್ಯವಹಾರವನ್ನು ಇಟಲಿಯ ಫಿಯಟ್‌ಗೆ ಕೊಟ್ಟಿತು. ಅದರ ಪರಿಣಾಮವಾಗಿ ಇಲ್ಲಿನ ಬಾನೆಟ್ಟಿನಿಂದಲೂ ಫೋರ್ಡ್ ಹೆಸರು ಹೋಗಿ ಫಾರ್ಮ್‌ಟ್ರ್ಯಾಕ್ ಬಂತು.

ಕೊನೆಯದು, ಕೊಳ್ಳುವವರೇ ಇಲ್ಲದೆ ಬಾಗಿಲು ಮುಚ್ಚುವುದು. ಇದು ನಮ್ಮ ಬೆಂಗಳೂರಿನ ಎಚ್‌ಎಂಟಿಯ ಕತೆ. ಕೈಗಡಿಯಾರ ಮಾಡಿದ ಅದೇ ಸಂಸ್ಥೆ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಝೆಕೊಸ್ಲೊವಾಕಿಯದ ಝೀಟರ್ ತಂತ್ರಜ್ಞಾನದಲ್ಲಿ ಟ್ರ್ಯಾಕ್ಟರ್ ತಯಾರಿಸಿತು. 2016ರಲ್ಲಿ ಕೇಂದ್ರ ಸರಕಾರ ಅದನ್ನು ಮುಚ್ಚಲು ತೀರ್ಮಾನಿಸಿತು. ಸರಕಾರಿ ಕಂಪನಿಗೆ ಸಾವಿಲ್ಲ ಎಂದು ನಂಬಿದ್ದ ನಮ್ಮ ತಲೆಮಾರಿಗೆ ಅದು ಸಣ್ಣ ಪೆಟ್ಟಲ್ಲ. ನನ್ನ ಮದುವೆಯ ಗಡಿಯಾರವೂ ಎಚ್‌ಎಂಟಿಯೇ, ಇನ್ನೂ ನಡೆಯುತ್ತಿದೆ. ವಿಚಿತ್ರವೆಂದರೆ ಆ ಝೀಟರ್ ಹೆಸರು ಈಗ ಬೆಂಗಳೂರಿಗೇ ಮರಳಿದೆ. ಟಿಲ್ಲರಿಗೆ ಹೆಸರಾದ ವಿಎಸ್‌ಟಿ ಈ ದಶಕದಲ್ಲಿ ಅವರೊಡನೆ ಕೈಜೋಡಿಸಿದೆ.

“ಸಾರ್, ಹಾಗಾದ್ರೆ ಎಲ್ಲಾ ಕಂಪನಿಯೋರೂ ಒಂದೇ ಅಳತೆಗೆ ಮಾಡ್ಬಹುದಲ್ಲ?” ಎಂದಳು ಹುಡುಗಿ. ಒಳ್ಳೆಯ ಪ್ರಶ್ನೆ. ಯಂತ್ರದ ಹಿಂಭಾಗದಲ್ಲಿ ಹಾಗೆಯೇ ಆಗಿದೆ.

ಹಿಂದೆ ನೇಗಿಲನ್ನು ಗಾಡಿ ಎಳೆದಂತೆ ಟ್ರ್ಯಾಕ್ಟರಿನ ಬೆನ್ನಿಗೆ ಸುಮ್ಮನೆ ಕಟ್ಟಿ ಎಳೆಯುತ್ತಿದ್ದರು. ಗುಳ ಕಲ್ಲಿಗೋ ಬೇರಿಗೋ ಸಿಕ್ಕಿದರೆ ಮುಂಭಾಗ ಮೇಲೆದ್ದು ಯಂತ್ರ ಹಿಂದಕ್ಕೆ ಮಗುಚಿ ಚಾಲಕರು ಸತ್ತದ್ದುಂಟು. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ನೇಗಿಲನ್ನು ಮೂರು ಬಿಂದುಗಳಲ್ಲಿ, ಕೆಳಗೆ ಎರಡು ಮೇಲೆ ಒಂದು, ಜೋಡಿಸಿದರು. ನೇಗಿಲು, ಟ್ರ್ಯಾಕ್ಟರು ಒಂದೇ ದೇಹದಂತಾದವು. ನೆಲ ನೇಗಿಲನ್ನು ಹಿಂದಕ್ಕೆ ಜಗ್ಗಿದಾಗ ಮೇಲಿನ ಸರಳು ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುತ್ತದೆ, ಆದ್ದರಿಂದ ಮೂತಿ ಮೇಲೇಳುವುದಿಲ್ಲ. ನೇಗಿಲಿನ ಭಾರವೂ ಹಿಂದಿನ ಚಕ್ರಗಳ ಮೇಲೆ ಬಿದ್ದು ಹಿಡಿತ ಹೆಚ್ಚುತ್ತದೆ. ಸನ್ನೆಕೋಲಿನ ಪಾಠ ಓದಿದವರಿಗೆ ಇದು ಅರ್ಥವಾದೀತು. 1938ರಲ್ಲಿ ಫರ್ಗ್ಯೂಸನ್, ಹೆನ್ರಿ ಫೋರ್ಡ್ ಇಬ್ಬರೂ ಕಾಗದಪತ್ರವಿಲ್ಲದೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡರು. 1947ರಲ್ಲಿ ಅದು ಮುರಿಯಿತು. ಮೊಕದ್ದಮೆ ನಡೆದು 1952ರಲ್ಲಿ ಫರ್ಗ್ಯೂಸನ್‌ಗೆ 92.5 ಲಕ್ಷ ಡಾಲರ್ ಸಿಕ್ಕಿತು. ಮರುವರ್ಷ ಅವರ ಕಂಪನಿ ಮ್ಯಾಸ್ಸಿ ಹ್ಯಾರಿಸ್ ಜೊತೆ ಸೇರಿತು. ಆ ಮ್ಯಾಸ್ಸಿ ಹ್ಯಾರಿಸ್ ಕೂಡ 1891ರಲ್ಲಿ ಕೆನಡಾದ ಎರಡು ಕಂಪನಿ ಕೂಡಿ ಆದದ್ದೇ! ಇಷ್ಟೆಲ್ಲ ಕೂಡಿ ಕಳೆದರೂ ಆ ಮೂರು ಬಿಂದುಗಳ ಜೋಡಣೆ ಇಂದು ಕೆಂಪು, ನೀಲಿ, ಹಸಿರು ಎನ್ನದೆ ಎಲ್ಲ ಟ್ರ್ಯಾಕ್ಟರುಗಳ ಹಿಂದೆಯೂ ಇದೆ. ಹಾಗೆಯೇ ರೋಟವೇಟರ್ ತಿರುಗಿಸುವ ಪಿಟಿಒ ಶಾಫ್ಟು. ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ದಪ್ಪ ಸುಮಾರು 35 ಮಿ.ಮೀ., ಸುತ್ತ ಆರು ಹಲ್ಲು. ಹೀಗಾಗಿ ಕಂಪನಿ ಹೋದರೂ ನಿಮ್ಮ ರೋಟವೇಟರು, ಟ್ರೇಲರು ಅನಾಥವಾಗುವುದಿಲ್ಲ.

ಒಳಗಿನ ಕೆಲವು ಭಾಗಗಳೂ ಹೊರಗಿನವರದೇ. ಡೀಸೆಲ್ ಪಂಪನ್ನು ನಮ್ಮ ಕಡೆ ಎಲ್ಲರೂ ‘ಮೈಕೋ ಪಂಪು’ ಎನ್ನುತ್ತಾರೆ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಾಯಿಸಿಕೊಂಡಿತು. ಪಟ್ಟಿಯ ಮೇಲಿನ ಅಕ್ಷರ ಬದಲಾಯಿತೇ ಹೊರತು ಪಂಪು ಬದಲಾಗಲಿಲ್ಲ. ಗೇರಿನ ಹಲ್ಲು, ಹೈಡ್ರಾಲಿಕ್, ಕ್ಲಚ್ಚಿನ ಕೆಲವು ಭಾಗ, ಬಾನೆಟ್ಟಿನ ತಗಡು ಮಾತ್ರ ಆಯಾ ಕಂಪನಿಯ ಸ್ವಂತ. ಬಹಳ ಮಾರಾಟವಾದ ಮಾದರಿಯಾದರೆ ಲೂಧಿಯಾನದಂಥ ಊರಿನ ಸಣ್ಣ ಕಾರ್ಖಾನೆಗಳು ಅವನ್ನೂ ಮಾಡಿಕೊಡುತ್ತವೆ. ಅಪರೂಪದ ಮಾದರಿಯಾದರೆ ಮಾಡುವವರಿಲ್ಲ. ನಮ್ಮ ಅಣ್ಣನದು ಅಪರೂಪದ್ದು.

ಡೀಲರಿಗೂ ಒಂದು ಮಾತು ಸಲ್ಲಬೇಕು. ಅವರನ್ನು ಬೈಯುವುದು ಸುಲಭ. ಆದರೆ ಶೋರೂಮಿನಲ್ಲಿ ನಿಂತ ಟ್ರ್ಯಾಕ್ಟರುಗಳೂ ಹೆಚ್ಚಾಗಿ ಬ್ಯಾಂಕಿನ ಸಾಲದ ಮೇಲೇ ನಿಂತಿರುತ್ತವೆ, ದಿನ ಕಳೆದಂತೆ ಬಡ್ಡಿ ಬೆಳೆಯುತ್ತದೆ. ಕಂಪನಿಗಳೆರಡು ಒಂದಾದರೆ ಒಂದೇ ಪೇಟೆಯಲ್ಲಿ ಒಂದೇ ಒಡೆಯನ ಎರಡು ಅಂಗಡಿಗಳು ಎದುರುಬದುರಾಗುತ್ತವೆ. ಯಾವುದು ಉಳಿಯುತ್ತದೆಂದು ತೀರ್ಮಾನಿಸುವುದು ದೂರದ ಕಚೇರಿ. ಐವತ್ತು ಸಾವಿರ ಬಿಡುವುದರ ಹಿಂದೆ ಇಂಥ ಸಂಕಟವಿರಬಹುದು. ಅಥವಾ ಅದು ಹೋದ ವರ್ಷದ ಮಾಲೂ ಇರಬಹುದು. ತಯಾರಾದ ತಿಂಗಳು, ವರ್ಷ ಯಂತ್ರದ ತಗಡಿನ ಮೇಲೇ ಬರೆದಿರುತ್ತದೆ, ಓದಿಕೊಳ್ಳಬೇಕು.

ಹುಡುಗಿಯ ಅಪ್ಪನಿಗೆ ನಾನು ಕೊಳ್ಳಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆಸಿದೆ. ಈ ಮಾದರಿ ಮುಂದೆಯೂ ತಯಾರಾಗುತ್ತದೆಯೇ? ಹೈಡ್ರಾಲಿಕ್ ಪಂಪು, ಕ್ಲಚ್ ಪ್ಲೇಟು ಈಗ ನಿಮ್ಮ ಕಪಾಟಿನಲ್ಲಿವೆಯೇ, ತೋರಿಸುತ್ತೀರಾ? ನಿಮ್ಮ ಡೀಲರ್‌ಷಿಪ್ ಹೋದರೆ ನನ್ನ ಫ್ರೀ ಸರ್ವಿಸ್ ಮಾಡುವವರು ಯಾರು? ಇದೇ ಮಾದರಿ ಕರೂರು ಸೀಮೆಯಲ್ಲಿ ಯಾರ ಮನೆಯಲ್ಲಿದೆ? ಉತ್ತರವನ್ನು ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಂಡು ಬನ್ನಿ ಮಾರಾಯ್ರೇ ಎಂದೆ.

ಸೋಮವಾರ ಹುಡುಗಿ ವರದಿ ತಂದಳು. ಎರಡಕ್ಕೆ ಬರವಣಿಗೆಯಲ್ಲಿ ಉತ್ತರ ಸಿಕ್ಕಿದೆ. ಕ್ಲಚ್ ಪ್ಲೇಟು ಕಪಾಟಿನಲ್ಲಿದೆ, ಪಂಪು ಇಲ್ಲ. ನಾಲ್ಕನೆಯ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಅಪ್ಪ ಭಾನುವಾರವಿಡೀ ಬೈಕಿನಲ್ಲಿ ಊರೂರು ತಿರುಗಿದ್ದಾರೆ, ಒಂದೇ ಒಂದು ಕಂಡಿದೆ. ಅಡಿಕೆ ಮಾರಾಟ ಮುಗಿಯುವವರೆಗೆ ನೋಡೋಣ ಎಂದಿದ್ದಾರಂತೆ. ಜೊತೆಗೆ ಆ ಮನೆಯವರ ಟ್ರ್ಯಾಕ್ಟರು, ಎಂಜಿನ್ ಆಫ್ ಆಗಿದ್ದಾಗ, ಪಿಟಿಒ ಶಾಫ್ಟಿನ ಹಲ್ಲುಗಳನ್ನು ತಾನೇ ಎಣಿಸಿ ಬಂದಿದ್ದಾಳೆ. ಆರೇ ಇದೆ ಸಾರ್ ಎಂದಳು.