ಹತ್ತದ ವಿಮಾನಕ್ಕೆ ಸುಂಕವೇಕೆ?

ಕನ್ನಡದ ತರುಣರೇ,

ಐವತ್ತು ಕೆಜಿ ಕಾಫಿ ಚೀಲದಲ್ಲಿ ಅರ್ಧ ಕೆಜಿ ತೂಕ ಹೊಡೆದರೆ ವ್ಯಾಪಾರಿಯ ಕೊರಳಪಟ್ಟಿ ಹಿಡಿಯುವವರು ಮಲೆನಾಡಿಗರು. ಅದೇ ಮೂಡಿಗೆರೆಯ ಹುಡುಗ, ಕಳಸದ ಹುಡುಗಿ ವಿಮಾನ ತಪ್ಪಿದಾಗ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳುವುದೇಕೆ?

ಮಳೆಗಾಲದ ಕಥೆ ನಿಮಗೆ ಗೊತ್ತು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿಯೇ ಬಂದ್ ಆಯಿತು. ಅಂಥ ದಿನ ಕೊಟ್ಟಿಗೆಹಾರದಲ್ಲಿ ಸಿಕ್ಕಿಬಿದ್ದವನಿಗಾಗಿ ಬಜಪೆಯ ವಿಮಾನ ಕಾಯುತ್ತದೆಯೇ? ಅಗ್ಗದ ಟಿಕೆಟ್ಟು, ಅದರ ಮೇಲೆ 'ನಾನ್ ರಿಫಂಡಬಲ್' ಎಂಬ ಇಂಗ್ಲಿಷ್ ಮುದ್ರೆ. ದುಡ್ಡು ಹೋಯಿತೆಂದು ಸುಮ್ಮನಾಗುತ್ತೇವೆ.

ಪೂರ್ತಿ ಹೋಗಿಲ್ಲ! ಮೂಲ ದರ, ಇಂಧನ ಶುಲ್ಕ ಕಂಪನಿಯ ಪಾಲು. ಇಟ್ಟುಕೊಳ್ಳಲಿ, ಷರತ್ತಿಗೆ ಒಪ್ಪಿಯೇ ಕೊಂಡಿದ್ದೇವೆ. ಆದರೆ ಶಾಸನಬದ್ಧ ತೆರಿಗೆ, ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕ, ಪ್ರಯಾಣಿಕ ಸೇವಾ ಶುಲ್ಕ ಕಂಪನಿಯದ್ದಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2008ರಲ್ಲಿ ಹೊರಡಿಸಿ 2016ರಲ್ಲಿ ಬಿಗಿಗೊಳಿಸಿದ ನಿಯಮ ಹೇಳುತ್ತದೆ: ಟಿಕೆಟ್ ರದ್ದು ಮಾಡಿದರೂ, ವಿಮಾನ ತಪ್ಪಿಸಿಕೊಂಡರೂ ಇವನ್ನು ಹಿಂತಿರುಗಿಸಲೇಬೇಕು. ರಿಯಾಯಿತಿ ಟಿಕೆಟ್ಟಿಗೂ, ಮೂಲ ದರ ವಾಪಸಾಗದ ಟಿಕೆಟ್ಟಿಗೂ ಇದು ಅನ್ವಯ. ಹಿಂತಿರುಗಿಸಲು ಬೇರೆ ಶುಲ್ಕ ಕೀಳುವಂತಿಲ್ಲ. ಹಣದ ಬದಲು 'ಕ್ರೆಡಿಟ್ ಶೆಲ್' ತಗೊಳ್ಳಿ ಎಂದು ಹೇರುವಂತಿಲ್ಲ. ಅದು ನಿಮ್ಮ ಇಚ್ಛೆ. ಏಜೆಂಟನ ಹತ್ತಿರ ಕೊಂಡಿದ್ದರೂ ಹೊಣೆ ಕಂಪನಿಯದೇ.

ನ್ಯಾಯವೂ ಸರಳ. ನಿಲ್ದಾಣದ ಶುಲ್ಕ ವಿಮಾನ ಹತ್ತಿದವನ ಲೆಕ್ಕದ್ದು. ನೀವು ಹತ್ತಲಿಲ್ಲ. ಗೇಟು ದಾಟದ ಲಾರಿಗೆ ಸುಂಕ ಉಂಟೆ? ನೀವು ಕೇಳದಿದ್ದರೆ ಆ ದುಡ್ಡು ಉಳಿಯುವುದು ಯಾರ ಗಲ್ಲಾಪೆಟ್ಟಿಗೆಯಲ್ಲಿ?

ಕೆಲವು ನೂರು ರೂಪಾಯಿ, ಏನು ಮಹಾ ಎನ್ನುವವರಿದ್ದಾರೆ. ತೋಟದಲ್ಲಿ ಕಾಫಿ ಕೊಯ್ಯುವ ಹೆಣ್ಣುಮಗಳನ್ನು ಕೇಳಿ, ಅಷ್ಟು ಹಣಕ್ಕೆ ಎಷ್ಟು ಹೊತ್ತು ನಿಲ್ಲಬೇಕೆಂದು.

ಮರುಪಾವತಿಯ ಲೆಕ್ಕವನ್ನು ಟಿಕೆಟ್ಟಿನಲ್ಲೋ ಬೇರೆ ಹಾಳೆಯಲ್ಲೋ ಗೊಂದಲವಿಲ್ಲದಂತೆ ತಿಳಿಸಬೇಕೆಂದೂ ನಿಯಮ ಹೇಳುತ್ತದೆ. ಕನ್ನಡಿಗನಿಗೆ ಗೊಂದಲವಿಲ್ಲದಂತೆ ಎಂದರೆ ಕನ್ನಡದಲ್ಲಿ! ಬೆಂಗಳೂರಿನ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡರ ಹೆಸರು ಬಂತು, ಸಂತೋಷ. ಆ ನಿಲ್ದಾಣದಿಂದ ಹಾರುವ ಟಿಕೆಟ್ಟಿನ ಷರತ್ತು ಅವರ ನುಡಿಯಲ್ಲಿ ಬೇಡವೇ?

ಈಗಲೇ ಮಾಡಿ. ಟಿಕೆಟ್ಟಿನ ಪಿಎನ್‌ಆರ್ ಸಂಖ್ಯೆ ಬರೆದು, ತೆರಿಗೆ ಮತ್ತು ಶುಲ್ಕ ವಾಪಸ್ ಕೊಡಿ ಎಂದು ಕಂಪನಿಗೆ ಕನ್ನಡದಲ್ಲೇ ಪತ್ರ ಹಾಕಿ. ಜಗ್ಗದಿದ್ದರೆ ಕೇಂದ್ರದ ಏರ್‌ಸೇವಾ ಇದೆ, ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ದೆಹಲಿಗೆ ಅಲೆಯಬೇಕಿಲ್ಲ. ತೆತ್ತ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ.

ಕಂಪನಿಯಿಂದ ಬಂದ ಉತ್ತರದ ಪ್ರತಿಯನ್ನು ನಮಗೂ ಕಳಿಸಿ. ಯಾವ ಭಾಷೆಯಲ್ಲಿ ಬಂತೆಂದು ಮರೆಯದೆ ಬರೆಯಿರಿ.