ವಾರ್ಡಿಗೆ ಉತ್ತರ ಹೇಳುವವರು

ಮಾಗಡಿ ರಸ್ತೆಯ ಮಗ್ಗುಲಲ್ಲಿ, ಸುಂಕದಕಟ್ಟೆ ಹೆಗ್ಗನಹಳ್ಳಿಗಳ ನೆರೆಯಲ್ಲಿರುವ ಶ್ರೀಗಂಧದ ಕಾವಲ್‌ನಂತಹ ಬಡಾವಣೆಯ ಇಕ್ಕಟ್ಟಾದ ಬೀದಿಯೊಂದಕ್ಕೆ ಡಾಂಬರು ಹಾಕಿದ ಕೆಲವೇ ದಿನಗಳಲ್ಲಿ ನೀರಿನ ಕೊಳವೆಗೆಂದು ಅದನ್ನು ಅಗೆದು, ಗುಂಡಿಯನ್ನು ಅರೆಬರೆ ಮುಚ್ಚಿ, ಗುತ್ತಿಗೆದಾರನ ಆಳುಗಳು ಹೊರಟುಹೋದರೆ, ಅಲ್ಲಿನ ಗೃಹಸ್ಥನು ಯಾರ ಬಾಗಿಲಿಗೆ ಹೋಗಬೇಕು? ರಸ್ತೆ ಪಾಲಿಕೆಯದೆಂದು ಜಲಮಂಡಳಿಯವರು ಹೇಳಬಹುದು. ಅಗೆದವರೇ ಮುಚ್ಚಬೇಕೆಂದು ಪಾಲಿಕೆಯ ಇಂಜಿನಿಯರು ಹೇಳಬಹುದು. ಕಡತವನ್ನು ತೆರೆದು ನೋಡಿದರೆ ಇಬ್ಬರ ಮಾತೂ ಸರಿಯಾಗಿಯೇ ಇರುತ್ತದೆ, ಗುಂಡಿಯೂ ಹಾಗೆಯೇ ಇರುತ್ತದೆ.

ಇಂತಹ ದೂರಿಗೆ ಉತ್ತರ ಹೇಳಬೇಕಾದ ಪೌರಾಡಳಿತ ಬೆಂಗಳೂರಿಗೆ ಹೊಸದಲ್ಲ; 1862ರಲ್ಲಿಯೇ ಪೇಟೆಯ ಗಣ್ಯರ ಮಂಡಲಿಯೊಂದು ಇಲ್ಲಿ ಅಸ್ತಿತ್ವಕ್ಕೆ ಬಂದಿತ್ತು. 2007ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಪಾಲಿಕೆಯನ್ನು ರಚಿಸಲಾಯಿತು. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು 74ನೆಯ ತಿದ್ದುಪಡಿಯಿಂದ ಬಂದ ಸಂವಿಧಾನದ ವಿಧಿ ನಿರ್ದಾಕ್ಷಿಣ್ಯವಾಗಿ ಹೇಳುತ್ತಿದ್ದರೂ, 2015ರಲ್ಲಿ ಆರಿಸಿಬಂದ ಸದಸ್ಯರ ಅಧಿಕಾರವು 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ, ವಾರ್ಡುಗಳ ಸಂಖ್ಯೆ 198ರಿಂದ 243ಕ್ಕೇರಿ ಮತ್ತೆ 225ಕ್ಕಿಳಿಯುವ ಲೆಕ್ಕಾಚಾರದಲ್ಲಿಯೂ ನ್ಯಾಯಾಲಯದ ವ್ಯಾಜ್ಯಗಳಲ್ಲಿಯೂ ಸದಸ್ಯರಿಲ್ಲದ ಐದು ವರ್ಷದ ಪೂರ್ಣ ಅವಧಿಯೊಂದು ಸಂದುಹೋಯಿತು.

ಆ ಕಾಲದಲ್ಲಿ ಅಧಿಕಾರಿಗಳು ಸುಮ್ಮನೆ ಕುಳಿತಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಆ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರೊದಗಿಸುವ ಕಾವೇರಿ ಐದನೆಯ ಹಂತವು 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದಾಗ ಪಾಲಿಕೆಯಲ್ಲಿ ಒಬ್ಬ ಸದಸ್ಯನೂ ಇರಲಿಲ್ಲ. ದೊಡ್ಡ ಕಾಮಗಾರಿಗೆ ಹಣವೂ ತಜ್ಞತೆಯೂ ಸಾಕು. ಆದರೆ ಆ ನೀರನ್ನು ಯಾವ ಬೀದಿಗೆ ಯಾವ ಹೊತ್ತಿನಲ್ಲಿ ಬಿಡಬೇಕು, ಗಾರ್ಮೆಂಟ್ಸ್‌ಗೆ ಬೆಳಗಾಗುತ್ತಲೇ ಹೊರಡುವ ಹೆಣ್ಣುಮಕ್ಕಳಿಗೆ ಅದು ಸಿಗುವುದೆಂತು, ಬಿ ಖಾತೆಯ ಮನೆಯವರು ತೆರಿಗೆ ಕಟ್ಟಿಯೂ ಎಷ್ಟು ಸಲ ಕಚೇರಿಗೆ ಅಲೆಯಬೇಕು ಎಂಬಂತಹ ಅಲ್ಪವೆನಿಸುವ ವಿಷಯಗಳನ್ನು ತೀರ್ಮಾನಿಸಲು, ವರ್ಗವಾಗಿ ಹೋಗುವ ಅಧಿಕಾರಿಗಿಂತ ಅದೇ ಬೀದಿಯಲ್ಲಿ ಮುಖ ತೋರಿಸಬೇಕಾದ ಮನುಷ್ಯನು ಅಗತ್ಯ. ಆತ ಕೆಟ್ಟವನಾದರೆ? ಆಗಬಹುದು, ಕಾರ್ಪೊರೇಟರೂ ಗುತ್ತಿಗೆದಾರನೂ ಒಂದೇ ಮನೆಯವರಾಗಿರುವುದು ನಮಗೆ ಹೊಸ ಸುದ್ದಿಯಲ್ಲ. ಆದರೂ ಆತನನ್ನು ಮನೆಗೆ ಕಳುಹಿಸುವ ಉಪಾಯ ಮತದಾರನ ಕೈಯಲ್ಲಿದೆ.

2025ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಗ್ರೇಟರ್ ಬೆಂಗಳೂರು ವ್ಯವಸ್ಥೆಯು ಪಾಲಿಕೆಯನ್ನು ಐದಾಗಿ ಒಡೆದಿದೆ. ಅವುಗಳಲ್ಲಿ ವಾರ್ಡುಗಳ ಲೆಕ್ಕದಲ್ಲಿ ಪಶ್ಚಿಮ ಪಾಲಿಕೆಯೇ ಹಿರಿದು. ವಾರ್ಡುಗಳು ಹೆಚ್ಚಿ ಒಂದೊಂದೂ ಕಿರಿದಾದಷ್ಟೂ ಸದಸ್ಯನು ಜನಕ್ಕೆ ಹತ್ತಿರವಾಗುವನು, ಸಂತೋಷವೇ. ಆದರೆ ಇಲಾಖೆಗಳ ಸಮನ್ವಯಕ್ಕೆಂದು ಇದೇ ವ್ಯವಸ್ಥೆಯಲ್ಲಿ ಹುಟ್ಟಿದ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಸಮನ್ವಯವು ಮೇಲೆ, ಗುಂಡಿಯು ಕೆಳಗೆ. ರಾಜ್ಯದ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಎಂಬತ್ತರ ದಶಕದಲ್ಲಿ ಮಂಡಲ ಪಂಚಾಯಿತಿಗಳನ್ನು ಕಟ್ಟಿದಾಗ ವಿಧಾನಸೌಧದ ಅಧಿಕಾರವನ್ನು ಹಳ್ಳಿಗೆ ಇಳಿಸಲು ಯತ್ನಿಸಿದರು. ರಾಜಧಾನಿಯ ವಾರ್ಡಿಗೆ ಮಾತ್ರ ಆ ಔದಾರ್ಯವು ಇನ್ನೂ ದೊರೆತಿಲ್ಲ.

ಕಿರಿದಾದೊಂದು ಕ್ರಮದಿಂದ ಆರಂಭಿಸಬಹುದು: ವಾರ್ಡ್ ಸಮಿತಿಯ ಸಭೆಯಲ್ಲಿ ಜಲಮಂಡಳಿಯೂ ಬೆಸ್ಕಾಮೂ ವರ್ಷದ ಅಗೆತದ ಪಟ್ಟಿಯನ್ನು ಓದಿಹೇಳಿದ ಹೊರತು ಆ ವಾರ್ಡಿನ ಯಾವ ಬೀದಿಯ ಡಾಂಬರಿನ ಬಿಲ್ಲಿಗೂ ಪಾಲಿಕೆಯು ಹಣ ಬಿಡುಗಡೆ ಮಾಡಕೂಡದು.