ಹಬ್ಬದ ಕೆಲಸದಲ್ಲಿ ಕೈ ಕಳಕೊಂಡರೆ ಹೊಣೆ ಯಾರು?

ಶ್ರಾವಣ ಬಂತೆಂದರೆ ಮುಂಬಯಿಯ ಹೋಟೆಲುಗಳಲ್ಲಿ ಬಾಣಲೆ ಆರುವುದಿಲ್ಲ. ಗೋಕುಲಾಷ್ಟಮಿಯಿಂದ ಹಿಡಿದು ಗಣೇಶ ಚೌತಿ, ಅನಂತ ಚತುರ್ದಶಿ, ನವರಾತ್ರಿ, ದೀಪಾವಳಿಯ ತನಕ ನಮ್ಮವರಿಗೆ ರಜೆ ಎಂಬ ಮಾತಿಲ್ಲ. ಊರೆಲ್ಲ ಹಬ್ಬ ಮಾಡುವಾಗ ಹಬ್ಬದ ತಿಂಡಿ ಮಾಡುವವರು ನಾವು. ಅದಕ್ಕಾಗಿ ನಾವು ಯಾರನ್ನೂ ದೂರುವುದಿಲ್ಲ. ನಾಲ್ಕು ಕಾಸು ಹೆಚ್ಚು ಸಿಗುವುದೂ ಈ ದಿನಗಳಲ್ಲೇ. ನಮ್ಮ ಪ್ರಶ್ನೆ ಬೇರೆ. ಈ ದಿನಗಳಲ್ಲಿ ಕೈ ಸುಟ್ಟುಕೊಂಡವನ, ಬೆರಳು ಕಳಕೊಂಡವನ ಲೆಕ್ಕ ಯಾರ ಪುಸ್ತಕದಲ್ಲಿದೆ?

ಗೋವಿಂದರ ಲೆಕ್ಕ ಇದೆ. ದಹಿಹಂಡಿಯ ದಿನ ಸಂಜೆಯ ಹೊತ್ತಿಗೆ ಇಷ್ಟು ಮಂದಿಗೆ ಗಾಯ, ಇಷ್ಟು ಮಂದಿ ಆಸ್ಪತ್ರೆಯಲ್ಲಿ ಎಂದು ಮಹಾನಗರಪಾಲಿಕೆಯೇ ಎಣಿಸಿ ಹೇಳುತ್ತದೆ. ಎಷ್ಟೋ ವರ್ಷ ಆ ಸಂಖ್ಯೆ ನೂರನ್ನು ದಾಟಿದೆ. ಎತ್ತರದಿಂದ ಜಾರಿದವನು ಮೊದಲು ಊರುವುದು ಕೈಯನ್ನು. ಆದುದರಿಂದ ಮಣಿಕಟ್ಟು ಮುರಿಯುವುದು, ಭುಜ ತಪ್ಪುವುದು ಅಲ್ಲಿ ಸಾಮಾನ್ಯ. ನಮ್ಮ ಉಡುಪಿಯ ವಿಟ್ಲಪಿಂಡಿಯಲ್ಲೂ ಮೊಸರುಕುಡಿಕೆ ಒಡೆಯುತ್ತಾರೆ. ಆದರೆ ರಥಬೀದಿಯಲ್ಲಿ ಗುರ್ಜಿ ನಿಲ್ಲಿಸಿ ಕುಡಿಕೆ ಕಟ್ಟುತ್ತಾರೆ, ಗೊಲ್ಲವೇಷದವರು ನೆಲದ ಮೇಲೆ ನಿಂತು ಕೋಲಿನಿಂದ ಒಡೆಯುತ್ತಾರೆ. ಒಬ್ಬನ ಹೆಗಲ ಮೇಲೆ ಒಬ್ಬ ಎಂಟು ಒಂಬತ್ತು ಅಂತಸ್ತು ಹತ್ತುವ ಪದ್ಧತಿ ಈ ಕಡೆಯದು. ಅದು ಚಂದವೂ ಹೌದು, ಭಯವೂ ಹೌದು. ಎತ್ತರ ಇಪ್ಪತ್ತು ಅಡಿ ಮೀರಬಾರದೆಂದು 2014ರಲ್ಲಿ ಬೊಂಬಾಯಿ ಹೈಕೋರ್ಟು ಹೇಳಿತು. 2017ರಲ್ಲಿ ಅದೇ ಕೋರ್ಟು ಎತ್ತರಕ್ಕೆ ಮಿತಿ ಹಾಕಲು ಒಪ್ಪಲಿಲ್ಲ, ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹತ್ತಿಸುವುದಿಲ್ಲವೆಂಬ ಸರಕಾರದ ಮಾತನ್ನು ಪಡೆಯಿತು. ಈ ವಾದದಲ್ಲಿ ನಾವು ತೀರ್ಪುಗಾರರಲ್ಲ.

ನಾವು ಗಮನಿಸಬೇಕಾದ ಸಂಗತಿ 2022ರದು. ಆ ವರ್ಷ ಮಹಾರಾಷ್ಟ್ರ ಸರಕಾರ ದಹಿಹಂಡಿಗೆ ಸಾಹಸ ಕ್ರೀಡೆಯ ಸ್ಥಾನ ಕೊಟ್ಟಿತು. ಗೋವಿಂದ ಸತ್ತರೆ ಮನೆಯವರಿಗೆ 10 ಲಕ್ಷ, ಎರಡು ಕೈ ಯಾ ಎರಡು ಕಾಲು ಹೋದರೆ ಏಳೂವರೆ ಲಕ್ಷ, ಒಂದು ಕೈ ಯಾ ಒಂದು ಕಾಲು ಹೋದರೆ 5 ಲಕ್ಷ ರೂಪಾಯಿ ಎಂದು ಸಾರಿತು. 2025ರಲ್ಲಿ ಒಂದೂವರೆ ಲಕ್ಷ ಗೋವಿಂದರಿಗೆ ವಿಮೆಯ ಏರ್ಪಾಡಾಯಿತು. ಒಳ್ಳೆಯದೇ ಆಯಿತು. ಆ ಹುಡುಗರಲ್ಲಿ ಬಹುಮಂದಿ ನಮ್ಮ ಹಾಗೆಯೇ ಚಾಳಿನವರು, ಕೂಲಿಯವರ ಮಕ್ಕಳು. ಅವರಿಗೆ ಸಿಕ್ಕಿದ್ದಕ್ಕೆ ಹೊಟ್ಟೆಕಿಚ್ಚು ಪಡುವ ಜಾತಿ ನಮ್ಮದಲ್ಲ. ಆದರೆ ಒಂದು ವಿಚಾರ ಮಾಡಿರಿ. ಆ ವಿಮೆ ಆಗಬೇಕಾದರೆ ಪ್ರತಿಯೊಂದು ಪಥಕದವರು ತಮ್ಮ ಹುಡುಗರ ಹೆಸರು, ವಯಸ್ಸು ಬರೆದು ಪಟ್ಟಿ ಕೊಡಬೇಕು. ಗಲ್ಲಿಯ ಹುಡುಗರು ಕೂಡಿ ನೂರಿನ್ನೂರು ಹೆಸರಿನ ಪಟ್ಟಿ ಮಾಡಬಲ್ಲರು. ಗಲ್ಲೆಯ ಮುಂದೆ ಕಂಪ್ಯೂಟರ್ ಇಟ್ಟುಕೊಂಡು ಪ್ರತಿ ಇಡ್ಲಿಗೆ ಬಿಲ್ಲು ಹರಿಯುವ ನಮ್ಮ ಮಾಲಿಕರಿಗೆ ಹಬ್ಬದ ಹದಿನೈದು ಜನರ ಹೆಸರು ಬರೆಯಲು ಪುರಸತ್ತಿಲ್ಲ!

ಹಬ್ಬದ ಅಡಿಗೆಮನೆಯೆಂದರೆ ಏನೆಂದು ಹೊರಗಿನವರಿಗೆ ತಿಳಿಯದು. ದಿನಕ್ಕೆ ಹತ್ತು ಕಿಲೋ ಕರಿಯುವ ಕಡೆ ನೂರು ಕಿಲೋ ಕರಿಯಬೇಕು. ಜಾಗ ಅಷ್ಟೇ, ಒಲೆ ಮಾತ್ರ ಹೆಚ್ಚು. ಬಾಣಲೆ ಬಾಣಲೆಗೆ ತಾಗಿಕೊಂಡು ಇರುತ್ತದೆ. ನೆಲದ ಮೇಲೆ ಎಣ್ಣೆ, ಅದರ ಮೇಲೆ ಹಿಟ್ಟು. ಬೂಂದಿಯ ಜಾರಿ ಹಿಡಿದವನ ಎಡಗೈ ಎಣ್ಣೆಯಿಂದ ಗೇಣುದ್ದ ದೂರದಲ್ಲಿರುತ್ತದೆ. ಚಕ್ಕುಲಿ ಒತ್ತುವವನದು ಇನ್ನೂ ಹತ್ತಿರ. ಅತ್ತ ಮೋದಕಕ್ಕೆ ತೆಂಗಿನಕಾಯಿ ತುರಿಯುವ ಕರೆಂಟಿನ ಯಂತ್ರ. ಸಾವಿರ ಕಾಯಿ ತುರಿಯುವಾಗ ಒಂಬೈನೂರನೆಯದಕ್ಕೆ ಅಂಗೈ ಜಾರುತ್ತದೆ. ರುಬ್ಬುವ ಯಂತ್ರ ನಿಲ್ಲಿಸಿದರೆ ಹೊತ್ತಾಗುತ್ತದೆಂದು ತಿರುಗುತ್ತಿರುವಾಗಲೇ ಹಿಟ್ಟು ಬಾಚುತ್ತಾರೆ. ಇಂಥ ಅಪಘಾತಗಳು ನಮ್ಮ ಕಿವಿಗೆ ಬಿದ್ದ ಮಟ್ಟಿಗೆ ಬಹುತೇಕ ರಾತ್ರಿ ಎರಡರಿಂದ ಬೆಳಗಿನ ಐದರೊಳಗೆ ಆದವು. ಹದಿನೆಂಟು ತಾಸು ನಿಂತ ಮನುಷ್ಯನ ಕೈ ಅವನ ಮಾತು ಕೇಳುವುದಿಲ್ಲ.

ಈ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಜನ ಬೇಕಷ್ಟೆ. ಅವರು ಬರುವುದು ಹೇಗೆ? ಊರಿಗೊಂದು ಫೋನು ಹೋಗುತ್ತದೆ. ಅಣ್ಣನ ಮಗ, ಭಾವನ ತಮ್ಮ, ನೆರೆಮನೆಯ ಹುಡುಗ ಎಂದು ರೈಲು ಹತ್ತಿಸುತ್ತಾರೆ. ಹತ್ತು ಹದಿನೈದು ದಿನದ ಕೆಲಸ. ಮಸ್ಟರಿನಲ್ಲಿ ಹೆಸರಿಲ್ಲ, ಚೀಟಿಯಿಲ್ಲ, ಕೂಲಿ ಕೈಗೆ ಕೈ. ಹೋಟೆಲಿನ ಅಡಿಗೆಮನೆಗಿಂತಲೂ ಕಷ್ಟ, ಮಂಡಲಗಳ ಪ್ರಸಾದದ ಗುತ್ತಿಗೆ ಹಿಡಿದ ಕಾಂಟ್ರಾಕ್ಟರರದು. ಅಲ್ಲಿ ಛಾವಣಿಗೆ ಪ್ಲಾಸ್ಟಿಕ್ ಹಾಳೆ, ನೀರಿಗೆ ಒಂದು ಡ್ರಮ್ಮು.

ಕೆಲವು ವರ್ಷಗಳ ಹಿಂದೆ ಚೌತಿಯ ಮೂರನೆಯ ದಿನ ಅಂಥದೊಂದು ಚಪ್ಪರದಲ್ಲಿ ಹುಡುಗನೊಬ್ಬನ ಎಡಗೈ ಮೇಲೆ ಬಾಣಲೆ ವಾಲಿತು. ಯಾರೋ ಅರಸಿನ ಮೆತ್ತಿದರು, ಯಾರೋ ಹಲ್ಲುಜ್ಜುವ ಪೇಸ್ಟು ಬಳಿದರು. ಹತ್ತಿರದ ದವಾಖಾನೆಯಲ್ಲಿ ಐದು ಬೆರಳನ್ನೂ ಒಟ್ಟಿಗೆ ಸುತ್ತಿ ಬ್ಯಾಂಡೇಜು ಹಾಕಿಸಿ, ಎರಡು ಸಾವಿರ ರೂಪಾಯಿ ಕೊಟ್ಟು ಊರಿನ ಬಸ್ಸಿಗೆ ಕೂರಿಸಿದರು. ಆರು ವಾರದ ಬಳಿಕ ಗಾಯ ಮಾಗಿತು, ಬೆರಳು ಮಡಚಲಿಲ್ಲ. ಮತ್ತೆ ಮುಂಬಯಿಗೆ ಬಂದು ನಮ್ಮ ಕಚೇರಿಯ ಬೆಂಚಿನ ಮೇಲೆ ಕುಳಿತ. ನಾವು ಕಾಂಟ್ರಾಕ್ಟರನಲ್ಲಿಗೆ ಹೋದೆವು. ಆತ ಕೈಮುಗಿದು ಹೇಳಿದ್ದು ಇಷ್ಟು: ಈ ಹುಡುಗ ಕೆಲಸಕ್ಕೆ ಇದ್ದವನಲ್ಲ, ದೇವರ ಸೇವೆಗೆಂದು ತಾನಾಗಿ ಬಂದವನು. ಮಸ್ಟರಿಲ್ಲ, ಕೂಲಿಯ ಚೀಟಿಯಿಲ್ಲ, ಜತೆಗಿದ್ದವರೆಲ್ಲ ಊರು ಸೇರಿದ್ದರು. ನಾವು ಬರಿಗೈಯಲ್ಲಿ ಹಿಂದೆ ಬಂದೆವು.

ಸೇವೆ ಎಂಬ ಮಾತನ್ನು ನಾವು ಹಗುರಾಗಿ ಕಾಣುವವರಲ್ಲ. ನಮ್ಮಲ್ಲೂ ಎಷ್ಟೋ ಜನ ಒಂದು ದಿನದ ಕೂಲಿ ಬಿಟ್ಟು ಪಂಗ್ತಿಯಲ್ಲಿ ಬಡಿಸಲು ಹೋಗುತ್ತಾರೆ. ಆದರೆ ಗುತ್ತಿಗೆಯ ಹಣ ಎಣಿಸಿಕೊಳ್ಳುವಾಗ ವ್ಯಾಪಾರ, ಹುಡುಗನ ಕೈ ಬೆಂದಾಗ ಸೇವೆ ಎಂದರೆ ಅದು ಯಾವ ಶಾಸ್ತ್ರ? ದಿನಗೂಲಿ ಗೊತ್ತು ಮಾಡಿ ಕರೆತಂದವನು ಕೆಲಸಗಾರನೇ. ಬಾಣಲೆಯಲ್ಲಿರುವುದು ಪ್ರಸಾದವಾದರೂ ಎಣ್ಣೆ ಎಣ್ಣೆಯೇ.

ಗಿರಣಿಯಲ್ಲಿ ದುಡಿದ ಹಿರಿಯರು ಈಗಲೂ ನಮ್ಮ ಸಂಘದಲ್ಲಿದ್ದಾರೆ. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಲಾಲಬಾಗ, ಪರೇಲದ ಆ ಭೋಂಗಾ ಈಗ ಕೇಳಿಸುವುದಿಲ್ಲ. ಗಿರಣಿಯ ಯಂತ್ರವೂ ಬೆರಳು ತಿನ್ನುತ್ತಿತ್ತು. ಆದರೆ ಅವರ ಬಾಯಿಂದ ನಾವು ಕೇಳಿದ ಒಂದು ಮಾತಿದೆ: ಕಾಯಂ ಅಲ್ಲದ ಬದಲಿಯವನಿಗೂ ಒಂದು ಬದಲಿ ಕಾರ್ಡು ಇತ್ತು. ಬೆಳಿಗ್ಗೆ ಗೇಟಿಗೆ ಬಂದು, ಕೆಲಸ ಸಿಕ್ಕಿದರೆ ಒಳಗೆ, ಇಲ್ಲವಾದರೆ ಮನೆಗೆ. ಬದುಕು ಕಷ್ಟದ್ದೇ. ಆದರೂ ಒಳಗೆ ಹೋದ ದಿನ ಅವನ ಹೆಸರು ಖಾತೆಯ ಪುಸ್ತಕದಲ್ಲಿ ಇರುತ್ತಿತ್ತು. ನಮ್ಮ ಹಬ್ಬದ ಹುಡುಗನಿಗೆ ಆ ಬದಲಿಯವನ ಭಾಗ್ಯವೂ ಇಲ್ಲ.

ಹೆಸರಿದ್ದರೆ ಏನಾಗುತ್ತದೆಂದು ಲೆಕ್ಕ ಹಾಕೋಣ. ಕೆಲಸದಲ್ಲಿ ಅಂಗ ಹೋದವನಿಗೆ ಪರಿಹಾರ ಕೊಡುವ ಕಾಯಿದೆ 1923ರಿಂದ ಇತ್ತು. 2025ರ ನವೆಂಬರದಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಯಾವ ಅಂಗಕ್ಕೆ ಎಷ್ಟು ಎಂಬ ಹಳೆಯ ಪಟ್ಟಿ ಅದರೊಳಗೂ ಸೇರಿದೆ. ಹೆಬ್ಬೆರಳಿಗೆ ನೂರಕ್ಕೆ 30, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಒಂದು ಕೈಯ ನಾಲ್ಕು ಬೆರಳಿಗೆ 50. ಓದುವಾಗ ಮೈ ಜುಮ್ಮೆನ್ನುತ್ತದೆ, ಮಾಂಸದಂಗಡಿಯ ದರಪಟ್ಟಿಯ ಹಾಗೆ. ಆದರೂ ಓದಬೇಕು. ಇಪ್ಪತ್ತೈದು ವರ್ಷದವನೊಬ್ಬನ ತಿಂಗಳ ಕೂಲಿ 15,000 ರೂಪಾಯಿ ಎಂದಿಟ್ಟುಕೊಳ್ಳಿರಿ. ಅದರಲ್ಲಿ ನೂರಕ್ಕೆ 60 ಅಂದರೆ 9,000. ಆ ವಯಸ್ಸಿಗೆ ಕಾಯಿದೆ ಕೊಟ್ಟ ಗುಣಕ 216.91. ಗುಣಿಸಿದರೆ ಸುಮಾರು ಹತ್ತೊಂಬತ್ತೂವರೆ ಲಕ್ಷ. ಅದರಲ್ಲಿ ನೂರಕ್ಕೆ 30 ಎಂದರೆ 5,85,000 ರೂಪಾಯಿಗೆ ಮಿಗಿಲು. ಗೋವಿಂದನ ಇಡೀ ಕೈಗೆ ಸರಕಾರ ಸಾರಿದ ಹಣಕ್ಕಿಂತ ನಮ್ಮವನ ಹೆಬ್ಬೆರಳೊಂದಕ್ಕೆ ಕಾಯಿದೆ ಹೆಚ್ಚು ಕೊಡುತ್ತದೆ! ಅಡಿಗೆಗೆ ಗ್ಯಾಸು ಯಾ ಕರೆಂಟಿನ ಯಂತ್ರ ಬಳಸುವ ಹೋಟೆಲಿನ ಅಡಿಗೆಯವನನ್ನು ಆ ಕಾಯಿದೆ ವಿಶೇಷವಾಗಿ ಹೆಸರಿಸಿದೆ ಕೂಡ. ಹತ್ತು ಮಂದಿಗೆ ಮೇಲ್ಪಟ್ಟ ಹೋಟೆಲಾಗಿ ಇ.ಎಸ್.ಐ. ಇದ್ದರೆ ಹಾದಿ ಬೇರೆ: ಪರಿಹಾರ ಅಲ್ಲಿಂದ, ಮತ್ತು ಗಾಯ ಮಾಗುವ ತನಕ ಕೂಲಿಯ ನೂರಕ್ಕೆ 90. ಹಕ್ಕು ಇಲ್ಲವೆಂದಲ್ಲ. ಹಕ್ಕು ಕೇಳುವವನು ಅಲ್ಲಿ ಕೆಲಸಕ್ಕಿದ್ದನೆಂದು ತೋರಿಸುವ ಒಂದು ಕಾಗದ ಇಲ್ಲ.

ಮಾಲಿಕರೆಲ್ಲ ಕಟುಕರೆಂದು ನಾವು ಬರೆಯುತ್ತಿಲ್ಲ. ಆಸ್ಪತ್ರೆಯ ಬಿಲ್ಲು ಪೂರ್ತಿ ಕೊಟ್ಟವರಿದ್ದಾರೆ, ಕೈ ಸರಿಯಾಗುವ ತನಕ ಗಲ್ಲೆಯಲ್ಲಿ ಕೂರಿಸಿ ಸಂಬಳ ಕೊಟ್ಟವರೂ ಇದ್ದಾರೆ. ಎಷ್ಟೋ ಮಂದಿ ತಾವೇ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರು. ಆದರೆ ಮಾಲಿಕರ ದಯೆ ಒಬ್ಬನಿಗೆ ಸಿಕ್ಕುತ್ತದೆ, ಮತ್ತೊಬ್ಬನಿಗೆ ಇಲ್ಲ. ಮಾಲಿಕರು ಊರಿನವರೇ ಆದುದರಿಂದ ಬಾಯಿ ಬಿಡುವುದೂ ಕಷ್ಟ. ನಾಳೆ ಊರಿನ ಜಾತ್ರೆಯಲ್ಲಿ ಮುಖ ನೋಡಬೇಕಲ್ಲ, ತಂಗಿಯ ಮದುವೆಗೆ ಸಾಲ ಕೇಳಬೇಕಲ್ಲ ಎಂದು ಹುಡುಗರು ಕೈಯನ್ನು ಜೇಬಿನಲ್ಲಿ ಅಡಗಿಸಿಕೊಂಡು ತಿರುಗುತ್ತಾರೆ. ಹೆಸರು ಬರೆಯಿರಿ ಎಂದು ಕೇಳುವುದು ಜಗಳವಲ್ಲ. ಅದನ್ನು ಕೈ ಸುಡುವ ಮೊದಲೇ, ಹತ್ತು ಜನ ಕೂಡಿ ಕೇಳಿದರೆ ಯಾವ ಒಬ್ಬನ ಮೇಲೂ ಕಣ್ಣು ಬೀಳುವುದಿಲ್ಲ.

ಗಾಯವಾದ ಮೊದಲ ಗಳಿಗೆಯ ಸಂಗತಿಯನ್ನೂ ಬರೆಯಬೇಕು, ಯಾಕೆಂದರೆ ಪರಿಹಾರದ ಹಣ ಬೆರಳನ್ನು ಮಡಚಿಸುವುದಿಲ್ಲ. ಎಣ್ಣೆ ಬಿದ್ದ ಕೈಯನ್ನು ಕೂಡಲೇ ನಳದ ಕೆಳಗೆ ಹಿಡಿಯಬೇಕು, ಇಪ್ಪತ್ತು ನಿಮಿಷ. ಬರ್ಫ ಬೇಡ. ಅರಸಿನ, ಪೇಸ್ಟು, ಶಾಯಿ, ದೋಸೆಹಿಟ್ಟು ಯಾವುದೂ ಬೇಡ. ಉಂಗುರ, ಕೈಗಡಿಯಾರ, ಕಟ್ಟಿಕೊಂಡ ದಾರವನ್ನು ಬಾವು ಬರುವ ಮೊದಲೇ ತೆಗೆಯಬೇಕು, ಆಮೇಲೆ ತೆಗೆಯಲಿಕ್ಕಾಗದು. ಬ್ಯಾಂಡೇಜು ಹಾಕುವಾಗ ಬೆರಳುಗಳನ್ನು ಬೇರೆ ಬೇರೆ ಸುತ್ತಲು ಡಾಕ್ಟರರಿಗೆ ಹೇಳಿರಿ, ನಾಚಬೇಡಿರಿ. ಅಂಗೈಯ ಚರ್ಮ ದಪ್ಪ. ಹಿಂಗೈಯದು ತೆಳು, ಅದರ ಕೆಳಗೇ ಬೆರಳನ್ನು ಎಳೆಯುವ ನರಗಳಿವೆ. ಹಿಂಗೈ ಸುಟ್ಟರೆ ಗಲ್ಲಿಯ ದವಾಖಾನೆಗೆ ನಿಲ್ಲಬಾರದು. ಕಸ್ತೂರಬಾ ಆಸ್ಪತ್ರೆಯಲ್ಲಿ ಸುಟ್ಟಗಾಯದ ವಿಭಾಗವಿದೆ, ಐರೋಳಿಯಲ್ಲಿ ಸುಟ್ಟಗಾಯಕ್ಕೆಂದೇ ನ್ಯಾಶನಲ್ ಬರ್ನ್ಸ್ ಸೆಂಟರ್ ಇದೆ. ಗಾಯ ಮಾಗುತ್ತಿರುವಾಗಲೇ ಬೆರಳು ಆಡಿಸುವ ವ್ಯಾಯಾಮ ಕಲಿಸುತ್ತಾರೆ. ನೋವಾಗುತ್ತದೆಂದು ಅದನ್ನು ಬಿಟ್ಟವರ ಕೈಯೇ ಮರಗಟ್ಟಿದ್ದು. ಕೈ ಯಂತ್ರದಲ್ಲಿ ಸಿಕ್ಕಿದರೆ ಎಳೆಯಬೇಡಿರಿ, ಮೊದಲು ಕರೆಂಟು ಆರಿಸಿರಿ. ಆ ಬಟನು ಎಲ್ಲಿದೆಯೆಂದು ಹೊಸ ಹುಡುಗನಿಗೆ ಮೊದಲ ದಿನವೇ ತೋರಿಸಿರಿ.

ಆಸ್ಪತ್ರೆಯಲ್ಲಿ ಕೇಸಿನ ಕಾಗದ ಬರೆಯುವಾಗ “ಮನೆಯಲ್ಲಿ ಸುಟ್ಟಿತು” ಎಂದು ಬರೆಸುವ ಚಾಳಿ ನಮ್ಮಲ್ಲಿದೆ. ಜತೆಗೆ ಹೋದ ಮೇಸ್ತ್ರಿ ಹಾಗೆ ಹೇಳಿಕೊಟ್ಟಿರುತ್ತಾನೆ. ಆ ಒಂದು ಸಾಲಿನಿಂದ ಮುಂದಿನ ದಾರಿಯೆಲ್ಲ ಮುಚ್ಚಿಹೋಗುತ್ತದೆ. ಎಲ್ಲಿ, ಯಾರ ಅಡಿಗೆಯಲ್ಲಿ, ಎಷ್ಟು ಗಂಟೆಗೆ ಎಂದು ನಿಜವನ್ನೇ ಬರೆಸಬೇಕು. ಮೊಬೈಲಿನಲ್ಲಿ ಕೈಯ ಫೋಟೋ, ಒಲೆಯ ಜಾಗದ ಫೋಟೋ ತೆಗೆದಿಡಬೇಕು. ಪರಿಹಾರ ಕೇಳಲು ಎರಡು ವರ್ಷದ ಅವಧಿ ಇದೆಯೆಂದು ಕೂರಬಾರದು. ಎರಡು ವಾರದಲ್ಲಿ ಸಾಕ್ಷಿಗಳು ರೈಲು ಹತ್ತಿರುತ್ತಾರೆ.

ಈ ಸಲ ಶ್ರಾವಣದ ಮೊದಲ ವಾರದಿಂದಲೇ ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ತೆರೆದಿಡುತ್ತೇವೆ. ಹಬ್ಬದ ಕೆಲಸಕ್ಕೆ ಊರಿನಿಂದ ಬಂದವನು ಸದಸ್ಯನಾಗಿರಬೇಕೆಂದಿಲ್ಲ, ವರ್ಗಣಿಯೂ ಇಲ್ಲ. ಹೆಸರು, ಊರು, ಕೆಲಸದ ಜಾಗ, ಗೊತ್ತಾದ ಕೂಲಿ, ಬಂದ ತಾರೀಕು ಇಷ್ಟನ್ನು ಬರೆಸಿ, ಜತೆಗೆ ಬಂದ ಇಬ್ಬರು ರುಜು ಹಾಕಿದರೆ ಸಾಕು. ಇದು ಮಾಲಿಕರ ಮಸ್ಟರಿಗೆ ಸಮಾನವಲ್ಲ, ಅದನ್ನು ನಾವು ಬಲ್ಲೆವು. ಅದನ್ನು ಅವರಿಂದ ಕೇಳುವುದನ್ನು ಬಿಡುವುದೂ ಇಲ್ಲ. ಆದರೆ “ಇವನು ನಮ್ಮಲ್ಲಿ ಇರಲೇ ಇಲ್ಲ” ಎಂದು ಯಾರಾದರೂ ಕೈಮುಗಿದಾಗ ಮೇಜಿನ ಮೇಲೆ ಇಡಲು ಒಂದು ಕಾಗದ ಇರುತ್ತದೆ. ಹೋಟೆಲು ಬಾಗಿಲು ಹಾಕಿದ ಮೇಲೆ ಬರುವವರಿಗಾಗಿ ಕಚೇರಿ ರಾತ್ರಿ ಹನ್ನೆರಡರ ತನಕ ತೆರೆದಿರುವುದು. ಬರುವಾಗ ಆಧಾರ್ ಕಾರ್ಡಿನ ಒಂದು ನಕಲು ತನ್ನಿರಿ.